ಊರು ಕಳೆದುಕೊಂಡವರ ಒಲೆ

ಬೆಂಗಳೂರಿನ ಬಫೆ ಹೋಟೆಲುಗಳಲ್ಲಿ ಒಂದು ಆಲೂಗಡ್ಡೆ ತಿನಿಸಿದೆ. ಸಣ್ಣ ಆಲೂಗಡ್ಡೆಗಳನ್ನು ಬೇಯಿಸಿ, ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿ, ಹಿಟ್ಟಿನಲ್ಲಿ ಅದ್ದಿ ಕರಿದು, ಮೇಲೆ ಮೆಯೊನೇಸ್ ಸುರಿದು ಕೆಂಪು ಪುಡಿ ಉದುರಿಸಿ ಕೊಡುತ್ತಾರೆ. ಹೆಸರು ಕೇಜನ್ ಪೊಟಾಟೊ. ಮಕ್ಕಳು ಎರಡನೇ ಸಲ, ಮೂರನೇ ಸಲ ತಟ್ಟೆ ಹಿಡಿದು ಹೋಗುತ್ತಾರೆ. ರುಚಿಯಾಗಿಯೇ ಇರುತ್ತದೆ, ಆ ಮಾತು ಬೇರೆ. ಆದರೆ ಕೇಜನ್ ಜನರ ಸೀಮೆಯಾದ ಅಮೆರಿಕದ ದಕ್ಷಿಣ ಲೂಯಿಸಿಯಾನಕ್ಕೆ ಹೋಗಿ ಇದನ್ನು ಕೇಳಿದರೆ ಅವರು ಮುಖ ಮುಖ ನೋಡಿಕೊಂಡಾರು. ಒಂದು ಜನಾಂಗದ ಹೆಸರು ಅರ್ಧ ಭೂಮಿ ಸುತ್ತಿ ಬರುವಷ್ಟರಲ್ಲಿ ಒಂದು ಚಮಚ ಕೆಂಪು ಪುಡಿಯಾಗಿ ಉಳಿದಿರುತ್ತದೆ. ಆ ಪುಡಿಯ ಹಿಂದೆ ಯಾರಿದ್ದಾರೆ ಎಂದು ನೋಡುವ ಆಸೆ ನನಗೆ ಹುಟ್ಟಿದ್ದು ಹೂಸ್ಟನ್ನಿನ ನೆಂಟರ ಮನೆಯಲ್ಲಿದ್ದಾಗ. ಅಲ್ಲಿಂದ ಪೂರ್ವಕ್ಕೆ ಹತ್ತನೇ ನಂಬರಿನ ಹೆದ್ದಾರಿ ಹಿಡಿದರೆ ಮೂರೂವರೆ ಗಂಟೆಯಲ್ಲಿ ಲಫಾಯೆಟ್. ಅದು ಕೇಜನ್ ಸೀಮೆಯ ನಡುಮನೆ.

ಅಲ್ಲಿನ ಊಟ ಹುಡುಕಲು ಹೋಟೆಲಿಗೆ ಹೋಗಬೇಡಿ, ಪೆಟ್ರೋಲ್ ಬಂಕಿಗೆ ಹೋಗಿ. ಇದು ತಮಾಷೆಗೆ ಹೇಳುವ ಮಾತಲ್ಲ. ಲಫಾಯೆಟ್‌ಗೆ ತುಸು ಮೊದಲು ಸ್ಕಾಟ್ ಎಂಬ ಪುಟ್ಟ ಊರಿದೆ. ಜಗತ್ತಿನ ಬೂಡಾನ್ ರಾಜಧಾನಿ ಎಂದು ರಾಜ್ಯದ ಶಾಸನಸಭೆಯೇ ಅದಕ್ಕೆ ಬಿರುದು ಕೊಟ್ಟಿದೆ. ಬೂಡಾನ್ ಅಂದರೆ ಹಂದಿಯ ಕರುಳಿನಲ್ಲಿ ತುಂಬಿದ ಹೂರಣ. ಸಿಗರೇಟು, ಐಸು, ಮೀನಿನ ಗಾಳಕ್ಕೆ ಬೇಕಾದ ಹುಳು ಎಲ್ಲ ಮಾರುವ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಒಂದು ಪಾತ್ರೆ ಹಬೆಯಾಡುತ್ತಿರುತ್ತದೆ. ಎಷ್ಟು ತುಂಡು ಬೇಕೆಂದು ಬೆರಳು ತೋರಿಸಿದರೆ ಸಾಕು, ಕಂದು ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ತಟ್ಟೆಯಿಲ್ಲ, ಚಮಚವಿಲ್ಲ, ಕುರ್ಚಿಯೂ ಇಲ್ಲ. ಕಾರಿನ ಬಾನೆಟ್ಟೇ ಮೇಜು. ಪಕ್ಕದಲ್ಲಿ ಒಬ್ಬ ಡ್ರೈವರ್ ತಿನ್ನುತ್ತಿದ್ದ. ಅವನನ್ನು ನೋಡಿಯೇ ಕಲಿತೆ: ಒಂದು ತುದಿಯನ್ನು ಕಚ್ಚಿ, ಸಿಪ್ಪೆಯನ್ನು ಹಲ್ಲಿನ ನಡುವೆ ಹಿಡಿದೆಳೆದು, ಒಳಗಿನದನ್ನು ಬಾಯಿಗೆ ಹಿಂಡಿಕೊಳ್ಳಬೇಕು. ಹೊಗೆಯ ವಾಸನೆ, ಈರುಳ್ಳಿ ಸೊಪ್ಪು, ಕರಿಮೆಣಸು, ಹಂದಿಯ ಪಿತ್ತಜನಕಾಂಗದ ಮಣ್ಣಿನಂಥ ಘಮ ಇವೆಲ್ಲ ನಾಲಿಗೆಗೆ ಒಂದೊಂದಾಗಿ ತಾಗಿದವು. ಎಲ್ಲದರ ತಳದಲ್ಲಿ, ಎಲ್ಲವನ್ನೂ ಹಿಡಿದುಕೊಂಡು, ಮೆತ್ತಗೆ ಬೆಂದ ಅನ್ನ. ಹೌದು, ಅನ್ನ! ಬ್ರೆಡ್ಡು ಬರ್ಗರುಗಳ ದೇಶದ ಹೆದ್ದಾರಿಯಲ್ಲಿ ನಿಂತು ಕರುಳೊಳಗಿನ ಅನ್ನ ತಿನ್ನುತ್ತಿದ್ದೇನೆ ಎಂಬುದು ತಲೆಗೆ ಹತ್ತಲು ಒಂದು ಗಳಿಗೆ ಬೇಕಾಯಿತು. (ಸಸ್ಯಾಹಾರಿ ಓದುಗರು ಮುನಿಯಬಾರದು. ಮುಂದೆ ಬೆಂಡೆಕಾಯಿ ಬರಲಿದೆ.)

ಅದಕ್ಕಿಂತ ಅಚ್ಚರಿಯೆಂದರೆ, ಈ ಕೇಜನ್ ಜನ ಬಂದ ಊರಿನಲ್ಲಿ ಅನ್ನವೇ ಇರಲಿಲ್ಲ. ಅವರ ಮೂಲ ಅಕಾಡಿಯ, ಇಂದಿನ ಕೆನಡಾದ ನೋವಾಸ್ಕೋಷಿಯ. ಹದಿನೇಳನೇ ಶತಮಾನದಲ್ಲಿ ಫ್ರಾನ್ಸಿನಿಂದ ಬಂದು ನೆಲೆಸಿದ ರೈತರು ಅವರು. ಗೋಧಿ, ಎಲೆಕೋಸು, ಟರ್ನಿಪ್ಪು, ಬಟಾಣಿ, ಸೇಬು, ಉಪ್ಪು ಹಾಕಿದ ಹಂದಿಮಾಂಸ ಅವರ ಊಟ. ಭರತದ ನೀರು ನುಗ್ಗುವ ಜೌಗಿಗೆ ಮಣ್ಣಿನ ಒಡ್ಡು ಕಟ್ಟಿ, ಒಡ್ಡಿನ ಬುಡದಲ್ಲಿ ಮರದ ತೂಬು ಇಟ್ಟು, ಅದರ ಬಾಯಿಗೆ ತೂಗಾಡುವ ಹಲಗೆ ಕೂಡಿಸುತ್ತಿದ್ದರು. ಇಳಿತವಿದ್ದಾಗ ಒಳಗಿನ ಮಳೆನೀರು ಹಲಗೆಯನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಭರತ ಬಂದಾಗ ಕಡಲೇ ಆ ಹಲಗೆಯನ್ನು ಒತ್ತಿ ಮುಚ್ಚುತ್ತದೆ. ಕೆಲವು ಮಳೆಗಾಲ ಕಾದರೆ ಉಪ್ಪು ತೊಳೆದುಹೋಗಿ ನೆಲ ಗೋಧಿಗೆ ಒಗ್ಗುತ್ತದೆ. ಇದನ್ನು ಓದಿದಾಗ ಕುಮಟೆ ಕಡೆಯವನಾದ ನನಗೆ ಅಘನಾಶಿನಿಯ ಗಜನಿ ಗದ್ದೆಗಳು ಕಣ್ಣಿಗೆ ಕಟ್ಟಿದವು. ಅಲ್ಲೂ ಒಡ್ಡು, ಅಲ್ಲೂ ಮರದ ತೂಬು, ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ, ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಶೆಟ್ಲಿ (ಸೀಗಡಿ) ಮತ್ತು ಮೀನಿನ ಬೆಳೆ. ಒಬ್ಬರನ್ನೊಬ್ಬರು ಕಂಡರಿಯದ ಎರಡು ದಡದ ಜನ ಕಡಲಿನೊಂದಿಗೆ ಒಂದೇ ಬಗೆಯ ಕರಾರು ಮಾಡಿಕೊಂಡಿದ್ದಾರೆ.

ಅಕಾಡಿಯದವರ ಕರಾರು ಮುರಿದದ್ದು ಕಡಲಿನಿಂದಲ್ಲ. ಪ್ರದೇಶ ಬ್ರಿಟಿಷರ ಕೈಗೆ ಹೋಗಿತ್ತು. ಬೇಷರತ್ತಾಗಿ ರಾಜನಿಷ್ಠೆಯ ಪ್ರಮಾಣ ಮಾಡಿ ಎಂದರೆ ಇವರು ಒಪ್ಪಲಿಲ್ಲ. 1755ರ ಸೆಪ್ಟೆಂಬರ್ 5ರಂದು ಗ್ರಾನ್ ಪ್ರೇ ಎಂಬಲ್ಲಿ ಗಂಡಸರನ್ನೂ ಹತ್ತು ವರ್ಷ ದಾಟಿದ ಹುಡುಗರನ್ನೂ ಇಗರ್ಜಿಗೆ ಕರೆಸಿ, ನಿಮ್ಮ ನೆಲ, ಮನೆ, ದನಕರು ಎಲ್ಲ ದೊರೆಗೆ ಸೇರಿತು, ನೀವು ಹೊರಡಬೇಕು ಎಂಬ ಆಜ್ಞೆ ಓದಿದರು. ಮುಂದಿನ ಕೆಲವು ವರ್ಷಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಹಡಗುಗಳಿಗೆ ತುಂಬಿ ಚೆಲ್ಲಾಪಿಲ್ಲಿ ಮಾಡಿದರು. ಕೆಲವರು ಇಂಗ್ಲಿಷ್ ವಸಾಹತುಗಳಿಗೆ, ಕೆಲವರು ಇಂಗ್ಲೆಂಡಿಗೆ, ಕೆಲವರು ಫ್ರಾನ್ಸಿಗೆ. ದಾರಿಯಲ್ಲಿ ಸತ್ತವರು ಬಹಳ. 1765ರ ಹೊತ್ತಿಗೆ ಒಂದು ಗುಂಪು ಲೂಯಿಸಿಯಾನ ತಲುಪಿತು. 1785ರಲ್ಲಿ ಏಳು ಹಡಗುಗಳಲ್ಲಿ ಫ್ರಾನ್ಸಿನಿಂದ ಸುಮಾರು 1,600 ಮಂದಿ ಬಂದರು. ಆಗ ಅಲ್ಲಿ ಆಳುತ್ತಿದ್ದವರು ಸ್ಪೇನಿನವರು. ಹಿಮ ಬೀಳುವ ಊರಿನವರಿಗೆ ಸಿಕ್ಕಿದ್ದು ಮೊಸಳೆ, ಸೊಳ್ಳೆ, ಜೌಗು, ಮೈ ಜಿಗುಟಾಗಿಸುವ ಸೆಕೆ. ಗೋಧಿ ಅಲ್ಲಿ ಸರಿಯಾಗಿ ಬರುವುದಿಲ್ಲ.

ನನ್ನನ್ನು ಬಿಡದೆ ಹಿಡಿದಿರುವುದು ಇದೇ ಸಂಗತಿ. ಇಂದು ಕೇಜನ್ ಎಂದು ಜಗತ್ತು ಕರೆಯುವ ಅಡುಗೆಯ ಒಂದು ಬೋಗುಣಿಯನ್ನು ಬಿಡಿಸಿ ನೋಡಿ. ಗಂಬೋ ಎಂಬ ಗಟ್ಟಿ ಸಾರನ್ನೇ ತೆಗೆದುಕೊಳ್ಳಿ. ಅದರಲ್ಲಿರುವ ಬೆಂಡೆಕಾಯಿ ಆಫ್ರಿಕದಿಂದ ಗುಲಾಮರಾಗಿ ಬಂದವರೊಡನೆ ಬಂದದ್ದು. ಸಾರಿನ ಹೆಸರೂ ಆ ಕಡೆಯ ಭಾಷೆಗಳಲ್ಲಿ ಬೆಂಡೆಗಿರುವ ಹೆಸರೇ. ಅನ್ನದ ಭತ್ತವನ್ನೂ ಅದನ್ನು ಬೆಳೆಯುವ ಜಾಣ್ಮೆಯನ್ನೂ ಲೂಯಿಸಿಯಾನಕ್ಕೆ ಮೊದಲು ಹೊತ್ತು ತಂದವರು ಪಶ್ಚಿಮ ಆಫ್ರಿಕದವರು. ಬೆಂಡೆ ಇಲ್ಲದ ಕಾಲಕ್ಕೆ ಗಟ್ಟಿ ಬರಿಸಲು ಉದುರಿಸುವ ಫೀಲೇ ಪುಡಿ ಸಾಸಫ್ರಾಸ್ ಮರದ ಒಣ ಎಲೆ. ಅದು ಚಾಕ್ಟಾ ಮೂಲನಿವಾಸಿಗಳ ಕೊಡುಗೆ. ಮೆಣಸಿನಕಾಯಿ ಅಮೆರಿಕ ಖಂಡದ್ದೇ. ಹೊಗೆಯಲ್ಲಿಟ್ಟ ಸಾಸೇಜಿನಲ್ಲಿ ನದಿದಡದ ಜರ್ಮನ್ ವಲಸಿಗರ ಕೈಯಿದೆ. ಅಕಾಡಿಯದಿಂದ ಬಂದ ಒಂದೇ ಒಂದು ಪದಾರ್ಥ ಅಲ್ಲಿಲ್ಲ! ಆದರೂ ಅದನ್ನು ತಿಂದ ಯಾರೂ ಇದು ಅವರದಲ್ಲ ಎನ್ನಲಾರರು. ಎಲ್ಲವೂ ಬೇರೆಯವರದಾದ ಮೇಲೆ ತಮ್ಮದು ಎಂಬುದು ಪಾತ್ರೆಯ ಯಾವ ಮೂಲೆಯಲ್ಲಿ ಉಳಿಯಿತು?

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ದೇಶಭ್ರಷ್ಟರ ಕತೆಗೆ ಒಂದು ಸೊಗಸಿದೆ. 1847ರಲ್ಲಿ ಲಾಂಗ್‌ಫೆಲೋ ಬರೆದ ‘ಇವಾಂಜಲೀನ್’ ಕಾವ್ಯ ಅದನ್ನು ಇನ್ನೂ ಹೊಳಪು ಮಾಡಿತು. ಆದರೆ ಅದೇ ಬಿಸಿಲಿನಲ್ಲಿ, ಅದಕ್ಕಿಂತ ಕ್ರೂರವಾಗಿ ಕಿತ್ತು ತಂದ ಕಪ್ಪು ಜನ ಇದ್ದರು, ಅವರ ಕೈಯಡುಗೆ ಇತ್ತು. ಅವರನ್ನು ಹಾಡಿದ ಕಾವ್ಯ ಶಾಲೆಯ ಪಠ್ಯವಾಗಲಿಲ್ಲ. ಬೆಂಡೆಯ ಬೀಜ ಇಟ್ಟುಕೊಂಡಿದ್ದವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಗಂಬೋ ಬೋಗುಣಿಯ ಮುಂದೆ ಕೂತಾಗ ನನಗೆ ಆಗುವ ಬೆರಗಿಗೆ ಈ ಕಹಿಯೂ ಸೇರಿಕೊಂಡಿರುತ್ತದೆ.

ಮನೆಯಲ್ಲಿ ಅದನ್ನು ಮಾಡತೊಡಗಿದ ಮೇಲೆ, ತಮ್ಮದು ಎಂಬುದು ಉಳಿದ ಆ ಮೂಲೆ ಎಲ್ಲಿದೆ ಎಂಬ ಸುಳಿವು ಸ್ವಲ್ಪ ಸಿಕ್ಕಿತು. ಗಂಬೋ ಶುರುವಾಗುವುದು ರೂ ಎಂಬುದರಿಂದ. ಒಂದು ಲೋಟ ಎಣ್ಣೆ, ಒಂದು ಲೋಟ ಮೈದಾ, ದಪ್ಪ ತಳದ ಕಬ್ಬಿಣದ ಬಾಣಲೆ, ಸಣ್ಣ ಉರಿ. ಅಷ್ಟೇ ಸಾಮಾನು. ಉಳಿದದ್ದು ಕೈಯಾಡಿಸುವುದು, ಮುಕ್ಕಾಲು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು. ಮೊದಲು ಅಂಟಿನ ಹಾಗಿರುತ್ತದೆ, ಹಸಿ ಹಿಟ್ಟಿನ ವಾಸನೆ. ಹತ್ತು ನಿಮಿಷಕ್ಕೆ ಬಿಸ್ಕತ್ತಿನ ವಾಸನೆ ಏಳುತ್ತದೆ. ಆಮೇಲೆ ಬಹಳ ಹೊತ್ತು ಏನೂ ಆಗುವುದಿಲ್ಲ. ಕೈ ಸೋಲುತ್ತದೆ, ಉರಿ ದೊಡ್ಡದು ಮಾಡೋಣ ಎಂದು ಮನಸ್ಸು ಹಟ ಹಿಡಿಯುತ್ತದೆ. ಹಾಗೆ ಮಾಡಿದರೆ ಕಪ್ಪು ಚುಕ್ಕಿ ಏಳುತ್ತವೆ, ಚುಕ್ಕಿ ಎದ್ದ ರೂ ಕಹಿ, ಚೆಲ್ಲುವುದೊಂದೇ ದಾರಿ. ಕಾದರೆ ಬಣ್ಣ ಇಳಿಯುತ್ತಾ ಹೋಗುತ್ತದೆ. ಆ ಬಣ್ಣಗಳಿಗೆ ಅಲ್ಲಿಯವರು ಹೆಸರಿಟ್ಟುಕೊಂಡಿದ್ದಾರೆ: ಕಡಲೇಕಾಯಿ ಬೆಣ್ಣೆ, ತಾಮ್ರದ ಕಾಸು, ಚಾಕಲೇಟು. ಕೊನೆಯ ಹಂತದಲ್ಲಿ ಎಲ್ಲವೂ ಬೇಗ ಬೇಗ. ಅರ್ಧ ನಿಮಿಷ ಫೋನು ನೋಡಿದರೆ ಮುಗಿಯಿತು. ಸರಿಯಾದ ಬಣ್ಣ ಬಂದ ತಕ್ಷಣ ಹೆಚ್ಚಿಟ್ಟ ಈರುಳ್ಳಿ, ಸೆಲರಿ, ದೊಣ್ಣೆಮೆಣಸು ಮೂರನ್ನೂ ಸುರಿಯಬೇಕು. ಈ ಮೂರಕ್ಕೆ ಅವರು ಕ್ರೈಸ್ತರ ಪವಿತ್ರ ತ್ರಯದ ಹೆಸರನ್ನೇ ಕೊಟ್ಟುಬಿಟ್ಟಿದ್ದಾರೆ, ದೇವರಿಗೆ ಬೇಸರವಾದಂತೆ ಕಾಣುವುದಿಲ್ಲ. ತರಕಾರಿಯ ನೀರು ತಾಗಿ ಬಾಣಲೆ ಸುಂಯ್ ಎಂದು ಅಬ್ಬರಿಸುತ್ತದೆ, ರೂ ಇನ್ನಷ್ಟು ಕಪ್ಪಾಗದೆ ಅಲ್ಲಿಗೇ ನಿಲ್ಲುತ್ತದೆ. ಮನೆಯಿಡೀ ಒಂದು ಘಮ ಏಳುತ್ತದೆ. ಬರೀ ಎಣ್ಣೆ ಮತ್ತು ಮೈದಾದಿಂದ ಅದು ಬಂದಿದೆ ಎಂದರೆ ಹೊರಗಿನಿಂದ ಬಂದವರು ನಂಬುವುದಿಲ್ಲ.

ಇನ್ನೊಂದು ವಿಚಿತ್ರವಿದೆ. ಹಿಟ್ಟನ್ನು ಹಾಕುವುದೇ ಸಾರು ಗಟ್ಟಿ ಬರಲಿ ಎಂದು ತಾನೇ? ಆದರೆ ಹುರಿದಷ್ಟೂ ಹಿಟ್ಟಿನೊಳಗಿನ ಪಿಷ್ಟ ಸಣ್ಣ ಸಣ್ಣ ತುಣುಕಾಗಿ ಒಡೆಯುತ್ತದೆ, ಗಟ್ಟಿ ಬರಿಸುವ ಶಕ್ತಿ ಕಳೆದುಕೊಳ್ಳುತ್ತದೆ. ಕಪ್ಪಗಿನ ರೂ ಹಾಕಿದ ಗಂಬೋ ತೆಳ್ಳಗಿರುತ್ತದೆ. ಫ್ರೆಂಚ್ ಅಡುಗೆಯವರು ಬೆಣ್ಣೆಯಲ್ಲಿ ರೂ ಮಾಡಿ ಹೊಂಬಣ್ಣಕ್ಕೇ ಇಳಿಸುತ್ತಾರೆ, ಅವರಿಗೆ ಬೇಕಾದದ್ದು ಗಟ್ಟಿತನ. ಕೇಜನ್ ಅಜ್ಜಿಯರು ಅದನ್ನು ಬಿಟ್ಟುಕೊಟ್ಟು ಪರಿಮಳ ಕೊಂಡರು. ಹಿಟ್ಟು ಮಾಡಬೇಕಾದ ಕೆಲಸವನ್ನು ಬೆಂಡೆಗೋ ಫೀಲೇಗೋ ಒಪ್ಪಿಸಿದರು. ಹೀಗೆ ಮಾಡಬೇಕೆಂದು ಯಾರೂ ಕೂತು ಲೆಕ್ಕ ಹಾಕಿರಲಾರರು. ಬೆಣ್ಣೆ ಸುಡುತ್ತದೆ, ಹಂದಿಯ ಕೊಬ್ಬು ತಾಳುತ್ತದೆ, ಯಾರೋ ಒಲೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಬಿಟ್ಟಿರಬೇಕು, ಮನೆಯವರು ಬಾಯಿ ಚಪ್ಪರಿಸಿರಬೇಕು.

ಬೆಂಡೆಯ ಲೋಳೆಯ ವಿಷಯಕ್ಕೆ ಬರೋಣ. ನಮ್ಮ ಅಡುಗೆಮನೆಯಲ್ಲಿ ಅದು ಶತ್ರು. ಬೆಂಡೆಕಾಯಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಆಮೇಲೆ ಹೆಚ್ಚಿ, ಎಣ್ಣೆಯಲ್ಲಿ ಬಾಡಿಸಿ, ಗೊಜ್ಜಾದರೆ ಹುಣಸೆಹುಳಿ ಹಾಕಿ, ಏನೆಲ್ಲ ಮಾಡಿ ಲೋಳೆಯನ್ನು ಓಡಿಸುತ್ತೇವೆ. ಓಡದಿದ್ದರೆ ಸೊಸೆಗೆ ಅಡುಗೆ ಬರುವುದಿಲ್ಲ ಎಂಬ ಮಾತು ಹುಟ್ಟುತ್ತದೆ. ಗಂಬೋ ಮಾಡುವವರು ಇದೇ ಲೋಳೆಗಾಗಿ ಬೆಂಡೆ ಹಾಕುತ್ತಾರೆ. ಒಂದು ಗಂಟೆ ಕುದಿಸಿ ಕುದಿಸಿ ಅದನ್ನು ಸಾರಿನೊಳಗೆ ಬಿಡಿಸುತ್ತಾರೆ. ಅದು ಸಾರಿಗೆ ಒಂದು ರೇಷ್ಮೆಯ ಮೈ ಕೊಡುತ್ತದೆ, ಅನ್ನದ ಮೇಲೆ ಬಿದ್ದಾಗ ಹರಿದುಹೋಗದೆ ನಿಲ್ಲುತ್ತದೆ. ನನ್ನ ಜೀವಮಾನವಿಡೀ ತಿಂದ ಕಾಯಿಗೆ ಇನ್ನೊಂದು ಸ್ವಭಾವ ಇದೆಯೆಂದು ತಿಳಿಯಲು ಅಷ್ಟು ದೂರ ಹೋಗಬೇಕಾಯಿತು. ಈಗಲೂ ಮನೆಯಲ್ಲಿ ಗೊಜ್ಜಿಗೆ ಬೆಂಡೆ ಹೆಚ್ಚುವಾಗ ನೂಲು ನೂಲಾಗಿ ಏಳುವ ಲೋಳೆಯನ್ನು ಕಂಡು ಕೈ ಒಂದು ಗಳಿಗೆ ತಡೆಯುತ್ತದೆ. ಫೀಲೇ ಇನ್ನೂ ಮುಂಗೋಪಿ. ಒಲೆಯ ಮೇಲಿರುವಾಗ ಹಾಕಿದರೆ ಹಗ್ಗದ ಹಾಗೆ ಎಳೆ ಎಳೆ ಬರುತ್ತದೆ. ಆದ್ದರಿಂದ ಕೆಳಗಿಳಿಸಿದ ಮೇಲೆ, ಬಡಿಸಿದ ತಟ್ಟೆಗೆ ಒಂದು ಚಿಟಿಕೆ.

ಕ್ರಾಫಿಶ್ ಇಲ್ಲದೆ ಈ ಮಾತು ಮುಗಿಯದು. ಸಿಹಿನೀರಿನ, ಬೆರಳುದ್ದದ, ಕೊಂಡಿಯುಳ್ಳ ಕೆಂಪು ಜೀವಿ ಅದು. ಭತ್ತದ ಗದ್ದೆಗೆ ಬೇಸಿಗೆಯ ಮೊದಲಿಗೆ ಇದನ್ನು ಬಿಡುತ್ತಾರೆ. ಕೊಯ್ಲಿಗೆ ನೀರು ಬಸಿದಾಗ ಅದು ಮಣ್ಣಿನಲ್ಲಿ ಬಿಲ ತೋಡಿಕೊಂಡು ಒಳಗೆ ಸೇರುತ್ತದೆ. ಮೇಲೆ ಆಗಸ್ಟಿನಲ್ಲಿ ಕೊಯ್ಲಿನ ಯಂತ್ರ ಓಡಾಡುತ್ತದೆ. ಮತ್ತೆ ನೀರು ಕಟ್ಟಿದಾಗ ಮರಿಗಳೊಂದಿಗೆ ಎದ್ದು ಬಂದು ಕೊಳೆತ ಹುಲ್ಲಿನ ಗದ್ದೆಯಲ್ಲೇ ಬೆಳೆಯುತ್ತದೆ. ಬ್ರೋ ಬ್ರಿಜ್ ಎಂಬ ಊರಿಗೆ 1959ರಿಂದ ಕ್ರಾಫಿಶ್ ರಾಜಧಾನಿ ಎಂಬ ಬಿರುದು. (ಈ ಸೀಮೆಯಲ್ಲಿ ರಾಜಧಾನಿಯಲ್ಲದ ಊರೇ ಇಲ್ಲ; ಕ್ರೌಲಿ ಅಕ್ಕಿಯ ರಾಜಧಾನಿ, ಗೊಂಜಾಲೆಸ್ ಜಂಬಾಲಾಯ ಎಂಬ ಅನ್ನದ ಖಾದ್ಯದ್ದು.) ಅವರು ಹೇಳುವ ಕತೆಯೊಂದು ನನಗೆ ಇತಿಹಾಸದ ಪುಸ್ತಕಗಳಿಗಿಂತ ಇಷ್ಟ. ಅಕಾಡಿಯದ ಕಡಲಲ್ಲಿ ದೊಡ್ಡ ದೊಡ್ಡ ಲಾಬ್‌ಸ್ಟರುಗಳಿದ್ದವು. ಜನರನ್ನು ಹಡಗಿಗೆ ಹತ್ತಿಸಿದಾಗ ಅವು ಅಗಲಿರಲಾರದೆ ಬೆನ್ನು ಹತ್ತಿ ಹೊರಟವಂತೆ. ಸಾವಿರಾರು ಮೈಲಿ ನಡೆದು, ಈಜಿ, ಸೊರಗಿ, ಸವೆದು, ಲೂಯಿಸಿಯಾನ ಮುಟ್ಟುವ ಹೊತ್ತಿಗೆ ಬೆರಳುದ್ದವಾಗಿ ಉಳಿದವಂತೆ. ತಮ್ಮ ಊಟವೂ ತಮ್ಮೊಂದಿಗೆ ಗುಳೆ ಬಂತು ಎಂದು ನಂಬಿದ ಜನ ಇವರು. ಊರು ಬಿಟ್ಟು ಬಂದವರಿಗೆ ಇಂಥ ಕತೆ ಬೇಕಾಗುತ್ತದೆ.

ಭಾಷೆಗೆ ಆ ಭಾಗ್ಯ ಇರಲಿಲ್ಲ. 1921ರ ರಾಜ್ಯ ಸಂವಿಧಾನ ಶಾಲೆಯಲ್ಲಿ ಇಂಗ್ಲಿಷ್ ಒಂದೇ ಎಂದು ಕಟ್ಟುನಿಟ್ಟು ಮಾಡಿತು. ಆಟದ ಬಯಲಿನಲ್ಲಿ ಫ್ರೆಂಚ್ ಮಾತಾಡಿದ ಮಕ್ಕಳಿಗೆ ಶಿಕ್ಷೆ, ಇನ್ನು ಮಾತಾಡುವುದಿಲ್ಲ ಎಂದು ನೂರಾರು ಸಲ ಬರೆಯಬೇಕು. ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳಿಗೆ ಅದನ್ನು ಕಲಿಸಲಿಲ್ಲ. ಫ್ರೆಂಚ್ ಉಳಿಸಲು ರಾಜ್ಯವೇ 1968ರಲ್ಲಿ ಒಂದು ಮಂಡಳಿ ಮಾಡಿತು, ಅಷ್ಟರಲ್ಲಿ ಒಂದು ತಲೆಮಾರು ಜಾರಿಹೋಗಿತ್ತು. ಅಡುಗೆಮನೆಯ ಮಾತುಗಳು ಮಾತ್ರ ಹೋಗಲಿಲ್ಲ. ಹೂಸ್ಟನ್ನಿನ ನಮ್ಮ ನೆಂಟರ ಮನೆಯಲ್ಲೂ ಇದೇ ನೋಡಿದೆ. ಕನ್ನಡದಲ್ಲಿ ಒಂದು ವಾಕ್ಯ ಪೂರ್ತಿ ಮಾಡಲಾರದ ಹುಡುಗಿ ಚಿತ್ರಾನ್ನ, ಗೊಜ್ಜವಲಕ್ಕಿ, ಒಗ್ಗರಣೆ ಅನ್ನುವಾಗ ಉಚ್ಚಾರಣೆಯಲ್ಲಿ ಒಂದು ಕೂದಲೆಳೆ ತಪ್ಪಿಲ್ಲ. ಇದರಿಂದ ಸಮಾಧಾನ ಪಡಬೇಕೋ ಬೇಡವೋ ಎಂದು ಅವಳ ತಾಯಿಗೂ ಗೊತ್ತಾಗಿಲ್ಲ.

ಆಮೇಲೆ ಪಾಲ್ ಪ್ರೂಡೋಮ್ ಬಂದ. ಒಪೆಲೂಸಾಸ್ ಬಳಿಯ ಗೇಣಿ ರೈತನ ಮನೆಯಲ್ಲಿ 1940ರಲ್ಲಿ ಹುಟ್ಟಿದ ಹದಿಮೂರನೆಯ ಮಗು. 1979ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹೋಟೆಲು ತೆರೆದ. ಕೆಂಪುಮೀನನ್ನು ಬೆಣ್ಣೆಯಲ್ಲಿ ಅದ್ದಿ, ಮಸಾಲೆಯಲ್ಲಿ ಹೊರಳಿಸಿ, ಕೆಂಡದಂತೆ ಕಾದ ಕಬ್ಬಿಣದ ಬಾಣಲೆಯಲ್ಲಿ ಕಪ್ಪಾಗಿಸಿದ ಅವನ ಖಾದ್ಯ ದೇಶಕ್ಕೆ ಹುಚ್ಚು ಹಿಡಿಸಿತು. ಎಲ್ಲರೂ ಆ ಮೀನಿಗೇ ಮುಗಿಬಿದ್ದು, ದಶಕ ಮುಗಿಯುವುದರೊಳಗೆ ಅದರ ವ್ಯಾಪಾರೀ ಬೇಟೆಯನ್ನೇ ನಿಲ್ಲಿಸಬೇಕಾಯಿತು. ಅದು ಹಳೆಯ ಕೇಜನ್ ಅಡುಗೆ ಆಗಿರಲಿಲ್ಲ, ಅವನ ಸ್ವಂತ ಸೃಷ್ಟಿ. ಆದರೆ ಜಗತ್ತಿನ ಕಣ್ಣಲ್ಲಿ ಕೇಜನ್ ಅಂದರೆ ಕೆಂಪು ಪುಡಿ ಎಂದಾದದ್ದು ಅಲ್ಲಿಂದಲೇ. ಅವನನ್ನು ಬೈಯಲು ನನಗೆ ಮನಸ್ಸಿಲ್ಲ. ಶಾಲೆಯಲ್ಲಿ ನಾಚಿಕೆ ಕಲಿತ ಜನರಿಗೆ ಅವನು ತಮ್ಮ ಊಟವನ್ನು ತಲೆಯೆತ್ತಿ ಹೇಳಿಕೊಳ್ಳುವಂತೆ ಮಾಡಿದ.

ಬಂದವರ ಸಾಲು ಇನ್ನೂ ಮುಗಿದಿಲ್ಲ. 1975ರ ನಂತರ ಯುದ್ಧದಿಂದ ಓಡಿಬಂದ ವಿಯಟ್ನಾಮಿನವರು ಇದೇ ಸೀಮೆಯ ಕಡಲದಂಡೆಯಲ್ಲಿ ಸೀಗಡಿ ಹಿಡಿಯಲು ನಿಂತರು. ಅವರ ಮಕ್ಕಳು ಹೂಸ್ಟನ್ನಿನಲ್ಲಿ ಕ್ರಾಫಿಶ್ ಬೇಯಿಸಿ, ಮೇಲೆ ಬೆಳ್ಳುಳ್ಳಿ ಬೆಣ್ಣೆ ಸುರಿದು ಮಾರತೊಡಗಿದರು. ಲಫಾಯೆಟ್ ಕಡೆಯ ಹಿರಿಯರಿಗೆ ಇದು ಸುತರಾಂ ಸೇರದು: ಉಪ್ಪು ಖಾರ ಬೇಯುವ ನೀರಿನಲ್ಲಿರಬೇಕು, ಮೇಲೆ ಸುರಿಯುವುದೇನು? ನಾನು ಎರಡನ್ನೂ ತಿಂದಿದ್ದೇನೆ. ವೃತ್ತಪತ್ರಿಕೆ ಹಾಸಿದ ಮೇಜಿನ ಮೇಲೆ ಜೋಳದ ತೆನೆ, ಆಲೂಗಡ್ಡೆ ಸಮೇತ ಬುಟ್ಟಿ ಬೋರಲು ಹಾಕಿ, ಬಾಲ ತಿರುಚಿ ಮುರಿದು, ತಲೆಯನ್ನು ಹೀರಿ ತಿನ್ನುವಾಗ ಎರಡು ಪಂಥದವರ ಮೊಣಕೈಗೂ ಒಂದೇ ಎಣ್ಣೆ ಇಳಿಯುತ್ತದೆ.

ಕುಮಟೆಗೆ ಬಂದ ಮೇಲೆ ನಾನು ಮಾಡಿದ ಗಂಬೋದಲ್ಲಿ ಆಂಡೂಯಿ ಸಾಸೇಜ್ ಇರಲಿಲ್ಲ, ಫೀಲೇ ಇರಲಿಲ್ಲ, ಸೆಲರಿ ಪೇಟೆಯಲ್ಲಿ ಸಿಗಲಿಲ್ಲ. ಶೆಟ್ಲಿ, ಊರಿನ ಬೆಂಡೆ, ಬ್ಯಾಡಗಿ ಮೆಣಸು, ಕುಚಲಕ್ಕಿ ಅನ್ನ. ಇದನ್ನು ಗಂಬೋ ಎನ್ನಬಹುದೋ ಎಂದು ಅನುಮಾನವಾಗಿ, ಲಫಾಯೆಟ್‌ನಲ್ಲಿ ತನ್ನ ಮನೆಯ ಒಲೆಯ ಮುಂದೆ ನನಗೆ ಕೈಯಾಡಿಸಲು ಕಲಿಸಿದ ಅಜ್ಜಿಗೆ ಫೋನಿನಲ್ಲಿ ಒಂದೊಂದಾಗಿ ಒಪ್ಪಿಸಿದೆ. ಏನು ಹಾಕಿದೆ ಎಂಬುದರ ಬಗ್ಗೆ ಆಕೆ ಚಕಾರ ಎತ್ತಲಿಲ್ಲ. ರೂ ಯಾವ ಬಣ್ಣಕ್ಕೆ ಇಳಿಸಿದೆ ಎಂದಷ್ಟೇ ಕೇಳಿದಳು. ತಾಮ್ರದ ಕಾಸು, ಎಂದೆ. ಒಲೆಯ ಮೇಲೆ ಇನ್ನೂ ಹತ್ತು ನಿಮಿಷ ಇಡಬಹುದಿತ್ತು, ಎಂದಳು.